ಖಾಲಿ ಜಾಗಕ್ಕೆ ಹಾಕಿದ ಸೊನ್ನೆ

ಜನವರಿ 12

ಪ್ರೀತಿಯ ಅತ್ತಿಗೆ,

ತಾರೀಖು ಹಾಕಿದ್ದೇನೆ, ನೋಡಿಕೊಳ್ಳಿ. ಮೊದಲು ತಾರೀಖು, ಆಮೇಲೆ ಮಾತು ಎಂದು ನೀವು ಕಿವಿ ಹಿಂಡಿ ಕಲಿಸಿದ್ದನ್ನು ಇನ್ನೂ ಮರೆತಿಲ್ಲ. ಸಕ್ಕರೆ ಡಬ್ಬಿಗೂ ತಾರೀಖಿನ ಚೀಟಿ ಅಂಟಿಸುವ ಮನೆಯಲ್ಲಿದ್ದುಕೊಂಡು ಕಾಲೇಜು ಓದಿದವಳು ನಾನು. ಈಗ ಹಾಸ್ಟೆಲಿನಲ್ಲಿ ಸೋಪಿನ ಪೊಟ್ಟಣದ ಮೇಲೂ ತಾರೀಖು ಬರೆಯುತ್ತೇನೆ. ಪಕ್ಕದ ಕೋಣೆಯವಳು ಬಿದ್ದು ಬಿದ್ದು ನಗುತ್ತಾಳೆ.

ಚುನಾವಣೆ ಮುಗಿಯುವವರೆಗೆ ಫೋನ್ ಮಾಡಬೇಡ ಎಂದಿರಿ. "ನನ್ನ ಫೋನು ಈಗ ನನ್ನದಲ್ಲ ಕಣೇ, ಊರಿಗೆಲ್ಲ ಸೇರಿದ್ದು" ಅಂದಿರಿ. ಸರಿ, ಪತ್ರವೇ ಬರೆಯುತ್ತೇನೆ. ಆದರೆ ಉತ್ತರ ಬರದಿದ್ದರೆ ಅಣ್ಣನ ಕನ್ನಡಕದ ಅಂಗಡಿಗೆ ಫೋನ್ ಮಾಡಿ, ಗಿರಾಕಿಗಳಿಗೂ ಕೇಳಿಸುವ ಹಾಗೆ ಗೊಳೋ ಎಂದು ಅಳುತ್ತೇನೆ.

ನೀನು ಅಲ್ಲಿ ಮಾಡುತ್ತಿರುವುದಾದರೂ ಏನು ಎಂದು ನೀವು ಕೇಳಿದಾಗಲೆಲ್ಲ ದೊಡ್ಡ ದೊಡ್ಡ ಪದ ಉದುರಿಸಿ ತಪ್ಪಿಸಿಕೊಂಡಿದ್ದೇನೆ. ಇವತ್ತು ಸರಳವಾಗಿ ಹೇಳುತ್ತೇನೆ. ಒಕ್ಕೂಟ ದೇಶಗಳಲ್ಲಿ ಚುನಾವಣೆ ನಡೆಸುವ ಹೊಣೆ ಒಬ್ಬರದು, ಅದಕ್ಕೆ ಬೇಕಾದ ಆಳುಕಾಳು ಇನ್ನೊಬ್ಬರದು. ನಮ್ಮಲ್ಲೇ ನೋಡಿ, ಹೊಣೆ ಒಕ್ಕೂಟದ ಚುನಾವಣಾ ಮಂಡಳಿಯದು. ಅಧಿಕಾರಿಗಳು, ಕಟ್ಟಡ, ಜೀಪು ಎಲ್ಲ ರಾಜ್ಯ ಸರ್ಕಾರದ್ದು. ಇವೆರಡರ ನಡುವೆ ಕಿತ್ತಾಟವಾದರೆ ಚುನಾವಣೆಯ ಪ್ರಾಮಾಣಿಕತೆಗೆ ಏನಾಗುತ್ತದೆ? ಇದು ನನ್ನ ಪ್ರಶ್ನೆ. ನಾಲ್ಕು ದೇಶಗಳನ್ನು ಹೋಲಿಸುತ್ತಿದ್ದೇನೆ.

ಕಿತ್ತಾಟವನ್ನು ಅಳೆಯುವುದು ಹೇಗೆ? ಅದಕ್ಕೊಂದು ಉಪಾಯ ಹುಡುಕಿದ್ದೇನೆ, ನಮ್ಮ ಪ್ರೊಫೆಸರ್ ಕೂಡ ಭೇಷ್ ಎಂದರು. ಪ್ರತಿ ಜಿಲ್ಲೆಯ ವಿಷಯದಲ್ಲಿ ಮಂಡಳಿಗೂ ರಾಜ್ಯಕ್ಕೂ ನಡುವೆ ಓಡಾಡಿದ ತಕರಾರಿನ ಪತ್ರಗಳನ್ನು ಎಣಿಸುವುದು. ಪತ್ರ ಹೆಚ್ಚಾದಷ್ಟೂ ಜಗಳ ಹೆಚ್ಚು. ಪತ್ರವೇ ಇಲ್ಲವೆಂದರೆ ಸೊನ್ನೆ. ಸೊನ್ನೆ ಎಂದರೆ ಸೌಹಾರ್ದ. ಹೇಗಿದೆ?

ನಮ್ಮ ಸಂಸ್ಥೆಯ ಚುನಾವಣಾ ವಿಶೇಷ ಸಂಚಿಕೆಯಲ್ಲಿ ಲೇಖನ ಅಚ್ಚಾದರೆ ನನ್ನ ಫೆಲೋಶಿಪ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ನಿಮ್ಮ ಬಾಗಿಲಿಗೇ ಬರುವುದು. ಆಗ ಜಿಲ್ಲಾ ಚುನಾವಣಾಧಿಕಾರಿಗಳು ನಾದಿನಿಯನ್ನು ಹೊರಗೆ ನಿಲ್ಲಿಸಬಾರದು, ಈಗಲೇ ಹೇಳಿದ್ದೇನೆ.

ನಿಮ್ಮ,
ತರಲೆ


ಜನವರಿ 29

ತರಲೆಗೆ,

ನಿನ್ನ ಪತ್ರ ಕಚೇರಿಗೆ ಬಂದು, ಟಪಾಲು ವಿಭಾಗದವರು ಅದಕ್ಕೂ ಠಪ್ಪೆಂದು ಮುದ್ರೆ ಒತ್ತಿ, ಮುಖ್ಯ ಚುನಾವಣಾ ಕಾಗದಗಳ ಜೊತೆ ನನ್ನ ಮೇಜಿಗೆ ತಂದಿಟ್ಟರು. ನೀನು ಗೊಳೋ ಎಂದು ಅಳುವ ವಿಷಯವೂ ಈಗ ಸರ್ಕಾರಿ ದಾಖಲೆ. ಇನ್ನು ಮೇಲೆ ಮನೆಗೆ ಬರಿ ಮಹಾತಾಯಿ.

ತಾರೀಖಿನ ವಿಷಯದಲ್ಲಿ ನಗಬೇಡ. ತಾರೀಖಿಲ್ಲದ ಕಾಗದ ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿದ್ದ ಹಾಗೆ, ಯಾರು ಬೇಕಾದರೂ ಕೈಹಿಡಿದು ಕರೆದುಕೊಂಡು ಹೋಗಬಹುದು.

ಈ ತಿಂಗಳಿಂದ ನಾನು ಎರವಲು ಸೇವೆಯಲ್ಲಿದ್ದೇನೆ. ಸಂಬಳ ರಾಜ್ಯದ್ದು, ಅಪ್ಪಣೆ ಮಂಡಳಿಯದು. ಫಲಿತಾಂಶ ಬಂದ ಮರುದಿನ ಮತ್ತೆ ರಾಜ್ಯದ ಕೈಗೆ. "ಈಗ ನೀನು ಎರಡು ಮನೆ ಸೊಸೆ, ಎರಡು ಕಡೇನೂ ಬೈಸ್ಕೋಬೇಕು" ಅಂತ ನಿನ್ನಣ್ಣ ಕಾಲೆಳೆಯುತ್ತಾರೆ. ಅವರಿಗೇನು, ಕನ್ನಡಕ ಒರೆಸಿಕೊಂಡು ಕೂತಿರುತ್ತಾರೆ.

ಗಾಜಿನ ಕಾರ್ಖಾನೆಯವರ ವಸತಿಯಲ್ಲಿರುವ ಶಾಲೆ ನೆನಪಿದೆಯಾ? ಹಿಂದಿನ ಚುನಾವಣೆಯಲ್ಲಿ ನನ್ನ ಜೀಪು ಹತ್ತಿ ಬಂದಿದ್ದೆ. ರಾತ್ರಿ ಪಾಳಿ ಮುಗಿಸಿದ ಹೆಂಗಸರು ಮನೆಗೂ ಹೋಗದೆ ನೇರ ಬಂದು ಸಾಲಿನಲ್ಲಿ ನಿಂತದ್ದನ್ನು ನೋಡಿ, ಓದಿದರೆ ಇದನ್ನೇ ಓದುತ್ತೇನೆ ಎಂದು ಹಟ ಹಿಡಿದೆಯಲ್ಲ, ಅದೇ ಶಾಲೆ. ಅದಕ್ಕೀಗ ದುರಸ್ತಿಯಂತೆ. ಗೋಡೆಯ ಸುತ್ತ ಸಾರುವೆ ಕಟ್ಟಿದ್ದಾರೆ. ಕಂಬ ಬಂದಿದೆ, ಹಲಗೆ ಬಂದಿದೆ, ಹಗ್ಗ ಬಂದಿದೆ. ಕೆಲಸದವರು ಮಾತ್ರ ಬಂದಿಲ್ಲ. ಇರಲಿ ಬಿಡು.

ಹೊತ್ತುಹೊತ್ತಿಗೆ ಊಟ ಮಾಡು. ನೀನು ಬರೀ ಚಹಾ ಕುಡಿದು ಬದುಕುವವಳು, ಅದಕ್ಕೂ ಮೂರು ಚಮಚ ಸಕ್ಕರೆ.

ನಿನ್ನ ಅತ್ತಿಗೆ


ಫೆಬ್ರವರಿ 8

ಪ್ರೀತಿಯ ಅತ್ತಿಗೆ,

ಕುಣಿದಾಡುವ ಹಾಗಾಗಿದೆ! ಮಂಡಳಿಯ ಕಚೇರಿಯಲ್ಲಿ ಕಾಡಿ ಬೇಡಿ, ಕೊನೆಗೂ ಎಲ್ಲ ಜಿಲ್ಲೆಗಳ ತಕರಾರಿನ ಪತ್ರಗಳನ್ನು ನೋಡಲು ಅನುಮತಿ ಪಡೆದೆ. ಕಿಟಕಿಯೇ ಇಲ್ಲದ ನೆಲಮಾಳಿಗೆ, ಒಂದು ಕುಂಟು ಕುರ್ಚಿ. ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಕೆಲವು ಜಿಲ್ಲೆಗಳದಂತೂ ಒಂದೊಂದು ಮಹಾಯುದ್ಧ. ಜೀಪು ಕೊಡಲಿಲ್ಲ ಎಂದು ಇವರು, ಕೇಳಿದ ರೀತಿ ಸರಿಯಿಲ್ಲ ಎಂದು ಅವರು. ನಿಮ್ಮ ಪಕ್ಕದ ಜಿಲ್ಲೆಯವರಂತೂ ಡೀಸೆಲ್ಲಿನ ಬಗ್ಗೆ ಒಂದು ಪುಸ್ತಕವಾಗುವಷ್ಟು ಬರೆದಿದ್ದಾರೆ.

ನಿಮ್ಮ ಜಿಲ್ಲೆ? ಒಂದೇ ಒಂದು ಪತ್ರವಿಲ್ಲ. ಸೊನ್ನೆ! ಆ ಸೊನ್ನೆ ಬರೆಯುವಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ನಮ್ಮತ್ತಿಗೆ ಎರಡು ಮನೆಯನ್ನೂ ತೂಗಿಸಿಕೊಂಡು ಹೋಗುವುದರಲ್ಲಿ ಎತ್ತಿದ ಕೈ ಎಂದು ಆ ಕತ್ತಲೆ ಕೋಣೆಯಲ್ಲಿ ಒಬ್ಬಳೇ ನಕ್ಕೆ.

ನಿಜ ಹೇಳಿ, ಅಲ್ಲಿ ಜಗಳವೇ ಇಲ್ಲವೇ? ಅಥವಾ ನಿಮ್ಮ ಮುಖ ನೋಡಿದರೆ ಜಗಳ ಮಾಡಲು ಅವರಿಗೆ ಧೈರ್ಯ ಬರುವುದಿಲ್ಲವೇ?

ಶಾಲೆಗೆ ದುರಸ್ತಿ ಭಾಗ್ಯ ಬಂತಲ್ಲ, ಖುಷಿಯಾಯಿತು. ಹೋದ ಸಲವೇ ಸೂರು ಸೋರುತ್ತಿತ್ತು.

ನಿಮ್ಮ,
ತರಲೆ


ಮಾರ್ಚ್ 2

ತರಲೆಗೆ,

ತಡವಾಯಿತು. ತಲೆ ಕೆರೆದುಕೊಳ್ಳಲೂ ಪುರಸೊತ್ತಿಲ್ಲ.

ಜಗಳವೇ ಇಲ್ಲವೇ ಎಂದು ಕೇಳಿದ್ದೀಯ. ಬರೆದಿಡುವಂಥ ಜಗಳ ಯಾವುದೂ ಇಲ್ಲ.

ನಿನ್ನ ಆ ಉಳಿದ ಮೂರು ದೇಶಗಳಲ್ಲಿ ಎರವಲು ಬಂದ ಅಧಿಕಾರಿಗಳು ಚುನಾವಣೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾರೆ? ಮತ್ತೆ ಅದೇ ಯಜಮಾನರ ಹತ್ತಿರವೇ? ಸುಮ್ಮನೆ ಕೇಳಿದೆ.

ಇನ್ನೊಂದು. ನಿಮ್ಮ ಊರಿನಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಹೇಗಿದೆ? ಇದನ್ನು ನಿನ್ನಣ್ಣನ ಕಿವಿಗೆ ಹಾಕಬೇಡ.

ಅವರ ಅಂಗಡಿಯ ಫೋನು ಈಚೆಗೆ ಒಂದೇ ಸಮನೆ ಬಡಿದುಕೊಳ್ಳುತ್ತದೆ. ಯಾರದು ಎಂದರೆ, ವ್ಯಾಪಾರ ಜೋರಾಗಿದೆ ಎನ್ನುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಊಟ ಮಾಡು.

ಅತ್ತಿಗೆ


ಮಾರ್ಚ್ 10

ಪ್ರೀತಿಯ ಅತ್ತಿಗೆ,

ಅಂತೂ ನಿಮಗೂ ನನ್ನ ಸಂಶೋಧನೆಯ ರುಚಿ ಹತ್ತಿತು! ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಎಂದು ನಿಮಗೇ ಗೊತ್ತಿಲ್ಲ. ಒಂದು ದೇಶದಲ್ಲಿ ಚುನಾವಣಾ ಮಂಡಳಿಗೇ ಸ್ವಂತ ನೌಕರರಿದ್ದಾರೆ, ಅವರು ಯಾರ ಹಂಗಿನಲ್ಲೂ ಇಲ್ಲ. ಇನ್ನೊಂದರಲ್ಲಿ ನಿಮ್ಮ ಹಾಗೆಯೇ ಎರವಲು, ಆದರೆ ಚುನಾವಣೆ ಮುಗಿದು ಒಂದು ವರ್ಷದವರೆಗೆ ಅವರ ಮೇಲೆ ಕ್ರಮ ಕೈಗೊಳ್ಳಬೇಕಾದರೆ ಮಂಡಳಿಯ ಒಪ್ಪಿಗೆ ಬೇಕು. ಮೂರನೆಯದರಲ್ಲಿ ಪ್ರಾಂತ್ಯಕ್ಕೊಂದು ಪದ್ಧತಿ, ತಲೆ ಚಿಟ್ಟು ಹಿಡಿಯುತ್ತದೆ. ಬೇರೆ ಹಾಳೆಗಳಲ್ಲಿ ಎಲ್ಲ ವಿವರವಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ. ನಮ್ಮಲ್ಲಿ ಅಂಥ ರಕ್ಷಣೆ ಏನೂ ಇಲ್ಲ. ಆದರೂ ಸುಗಮವಾಗಿ ನಡೆಯುತ್ತಿದೆಯಲ್ಲ, ಅದೇ ಸ್ವಾರಸ್ಯ!

ಬಾಡಿಗೆ ಯಾಕೆ ಕೇಳಿದಿರಿ ಎಂದು ನನಗೆ ಗೊತ್ತಾಯಿತು ಬಿಡಿ. ಅಣ್ಣನಿಗೆ ಗೊತ್ತಾಗದ ಹಾಗೆ ರಜೆ ಹಾಕಿ, ಅವನನ್ನು ಎಳೆದುಕೊಂಡು ಇಲ್ಲಿಗೆ ಬರುವ ಸಂಚು ತಾನೇ? ಬನ್ನಿ ಬನ್ನಿ. ಬಾಡಿಗೆ ಮನೆ ಯಾಕೆ, ನಮ್ಮ ಹಾಸ್ಟೆಲಿನ ಅತಿಥಿ ಕೋಣೆಯೇ ಇದೆ.

ನನ್ನ ಕಡೆಯಿಂದಲೂ ಒಂದು ಗುಟ್ಟಿದೆ. ಈಗ ಹೇಳುವುದಿಲ್ಲ. ಮತದಾನವೆಲ್ಲ ಸುಸೂತ್ರವಾಗಿ ಮುಗಿಯಲಿ.

ನಿಮ್ಮ,
ತರಲೆ


ಏಪ್ರಿಲ್ 20

ಪ್ರೀತಿಯ ಅತ್ತಿಗೆ,

ಮತದಾನ ಮುಗಿಯಿತು, ಫಲಿತಾಂಶವೂ ಬಂತು, ನಿಮ್ಮಿಂದ ಮಾತ್ರ ಒಂದಕ್ಷರವಿಲ್ಲ. ಸುಸ್ತಾಗಿ ಮಲಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲಿಯ ಪತ್ರಿಕೆಗಳಲ್ಲಿ ನಿಮ್ಮ ಜಿಲ್ಲೆಯ ಬಗ್ಗೆ ಒಂದೇ ಸಾಲಿತ್ತು: ಮತದಾನ ಶಾಂತಿಯುತ. ಗಾಜಿನ ಕಾರ್ಖಾನೆಯ ಕ್ಷೇತ್ರದಲ್ಲಿ ರಾಜ್ಯ ಆಳುವ ಪಕ್ಷದವರೇ ಸೋತರಂತೆ. ನೀವು ಯಾರ ಪರವೂ ಅಲ್ಲವೆಂದು ಗೊತ್ತು, ಆದ್ದರಿಂದ ಅಭಿನಂದನೆ ಹೇಳುವುದಿಲ್ಲ.

ಈಗ ಗುಟ್ಟು ಬಿಚ್ಚುತ್ತೇನೆ. ವಿಶೇಷ ಸಂಚಿಕೆ ಬಂದಿದೆ. ಅಚ್ಚಿಗೆ ಕೊಡುವ ಮುನ್ನ ಪತ್ರಗಳನ್ನು ಮತ್ತೊಮ್ಮೆ ಎಣಿಸಿದೆ, ನಿಮ್ಮದು ಆಗಲೂ ಸೊನ್ನೆಯೇ. ನಿಮಗೊಂದು ಪ್ರತಿ ಕಳಿಸಿದ್ದೇನೆ. ನನ್ನ ಲೇಖನದ ಕೊನೆಯ ಭಾಗ ತೆಗೆಯಿರಿ. "ಎರವಲು ಅಧಿಕಾರಿಗಳ ವ್ಯವಸ್ಥೆಯಲ್ಲೂ ಒಕ್ಕೂಟ ಮತ್ತು ರಾಜ್ಯ ಘರ್ಷಣೆಯಿಲ್ಲದೆ ಚುನಾವಣೆ ನಡೆಸಬಲ್ಲವು ಎಂಬುದಕ್ಕೆ ಈ ಜಿಲ್ಲೆಯೇ ಸಾಕ್ಷಿ." ಯಾವ ಜಿಲ್ಲೆ? ಹೆಸರು ಓದಿಕೊಳ್ಳಿ! ಪ್ರೊಫೆಸರ್ ನಮ್ಮ ವಿಭಾಗದ ಎಲ್ಲರ ಮುಂದೆ ಈ ವಾಕ್ಯವನ್ನೇ ಓದಿದರು. ಅಲ್ಲಿಯ ಅಧಿಕಾರಿ ನನ್ನತ್ತಿಗೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಹೊಗಳಿಕೆ ಸಪ್ಪೆಯಾಗುತ್ತಿತ್ತು.

ಬೇಗ ಬರೆಯಿರಿ. ಬೈದಾದರೂ ಬರೆಯಿರಿ.

ನಿಮ್ಮ,
ತರಲೆ


ಮೇ 8

ಅತ್ತಿಗೆ,

ಏನಾಗಿದೆ? ತಡೆಯಲಾರದೆ ಅಂಗಡಿಗೆ ಫೋನ್ ಮಾಡಿದೆ. "ಚೆನ್ನಾಗಿದಾಳೆ, ಮಲಗಿದಾಳೆ, ಗಿರಾಕಿ ಬಂದಿದಾರೆ ಇಡ್ತೀನಿ" ಎಂದು ಅಣ್ಣ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟ. ಬೆಳಗ್ಗೆ ಹನ್ನೊಂದು ಗಂಟೆಗೆ ನೀವು ಮಲಗಿದ್ದೀರಾ? ನೀವು ಆ ಹೊತ್ತಿನಲ್ಲಿ ಮಲಗಿದ್ದನ್ನು ನಾನು ಕಂಡೇ ಇಲ್ಲ. ಮೈ ಹುಷಾರಿಲ್ಲವೇ? ಲೇಖನ ಹಿಡಿಸಲಿಲ್ಲವೇ? ಜಿಲ್ಲೆಯ ಹೆಸರು ಹಾಕಿದ್ದು ತಪ್ಪಾಯಿತೇ? ಓದಲು ಕೂತರೆ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ದಿನಕ್ಕೆರಡು ಸಲ ಕೆಳಗಿಳಿದು ಹೋಗಿ ಟಪಾಲಿನ ಪೆಟ್ಟಿಗೆ ನೋಡಿ ಬರುತ್ತೇನೆ. ಕಾವಲಿನವರು ನನ್ನನ್ನು ಕಂಡರೆ ಮೊದಲೇ ತಲೆ ಅಲ್ಲಾಡಿಸುತ್ತಾರೆ.

ತರಲೆ


ಜೂನ್ 3

ಮಾನ್ಯ ಸಂಶೋಧಕರಿಗೆ,

ತಮ್ಮ ಲೇಖನವನ್ನು ನೋಡಿದೆ. ತಾವು ಕಳಿಸಿದ ಪ್ರತಿಯನ್ನಲ್ಲ. ಅದರ ಲಕೋಟೆಯನ್ನು ಒಡೆಯುವ ಮನಸ್ಸು ಆಗ ನನಗಿರಲಿಲ್ಲ. ವಿಚಾರಣಾಧಿಕಾರಿಗಳ ಮೇಜಿನ ಮೇಲಿದ್ದ ಪ್ರತಿಯನ್ನು ನೋಡಿದೆ.

ತಮ್ಮ ಮಾಹಿತಿಗಾಗಿ: ಫಲಿತಾಂಶ ಬಂದ ಮರುದಿನ ನನ್ನನ್ನು ಮಂಡಳಿಯವರು ರಾಜ್ಯಕ್ಕೆ ಒಪ್ಪಿಸಿದರು. ಆ ವಾರವೇ ರಾಜ್ಯದವರು ಅಮಾನತು ಮಾಡಿದರು. ಆರೋಪ ಏನೆಂದರೆ, ದುರಸ್ತಿಯಲ್ಲಿದ್ದ ಅಪಾಯಕಾರಿ ಶಾಲೆಯಲ್ಲಿ ಮತಗಟ್ಟೆ ನಡೆಸಿದೆ, ಅದರಿಂದ ಕರ್ತವ್ಯದ ಮೇಲಿದ್ದ ಶಿಕ್ಷಕಿಯೊಬ್ಬರಿಗೆ ಪೆಟ್ಟಾಯಿತು. ಪೆಟ್ಟಾದದ್ದು ನಿಜ. ಮಧ್ಯಾಹ್ನ ಗಾಳಿಗೆ ಸಾರುವೆಯ ಹಲಗೆಯೊಂದು ಕಳಚಿಬಿದ್ದು ಅವರ ಭುಜದ ಮೂಳೆ ಮುರಿಯಿತು. ವಿಚಾರಣೆಯಲ್ಲಿ ಆರೋಪ ರುಜುವಾತಾದರೆ ಕೆಲಸದಿಂದ ವಜಾ.

ಶಾಲೆಯಲ್ಲಿ ದುರಸ್ತಿ ನಡೆಯುತ್ತಲೇ ಇರಲಿಲ್ಲ, ಮತಗಟ್ಟೆಯನ್ನು ಅಲ್ಲಿಂದ ಎತ್ತಿಸುವುದಕ್ಕೆಂದೇ ಸಾರುವೆ ಕಟ್ಟಿದ್ದರು, ಮತಗಟ್ಟೆ ಎತ್ತು ಎಂದು ನನ್ನ ಮೇಲೆ ಬಾಯಿಮಾತಿನ ಒತ್ತಡವಿತ್ತು ಎಂದು ಹೇಳಿಕೆ ಕೊಟ್ಟೆ. ಅದಕ್ಕೇನಾದರೂ ಕಾಗದ ಉಂಟೇ ಎಂದರು. ಇಲ್ಲ ಎಂದೆ. ಆಗ ಅವರು ತಮ್ಮ ಲೇಖನ ತೆಗೆದು ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. "ನಿಮ್ಮ ಜಿಲ್ಲೇಲಿ ಯಾವ ತಕರಾರೂ ಇರಲಿಲ್ಲ ಅಂತ ರಾಜಧಾನಿಯ ತಜ್ಞರೇ ಬರೆದಿದಾರಲ್ಲಮ್ಮ. ಈಗ್ಯಾಕೆ ಕಥೆ ಕಟ್ತೀರಿ?" ಅಂದರು.

ತಜ್ಞರು ನನ್ನ ನಾದಿನಿ ಎಂದು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು. ನನಗಾಗಿಯೋ ತಮಗಾಗಿಯೋ, ಗೊತ್ತಿಲ್ಲ.

ಇಂತು,
ಅಮಾನತಿನಲ್ಲಿರುವ ಅಧಿಕಾರಿ


ಜೂನ್ 9

ಅತ್ತಿಗೆ,

ಬೈಯಿರಿ, ಹೊಡೆಯಿರಿ, ಆದರೆ "ತಾವು" ಎನ್ನಬೇಡಿ. ಕೈ ಮುಗಿಯುತ್ತೇನೆ.

ನಿಮ್ಮ ಪತ್ರ ಹಿಡಿದುಕೊಂಡು ಪ್ರೊಫೆಸರ್ ಹತ್ತಿರ ಓಡಿದೆ. ಅವರು ತಣ್ಣಗೆ, "ಒಂದು ಜಿಲ್ಲೆಯಿಂದ ತೀರ್ಮಾನ ಬದಲಾಗಲ್ಲ. ಬೇಕಾದ್ರೆ ಮುಂದಿನ ಸಂಚಿಕೇಲಿ ಅಡಿಟಿಪ್ಪಣಿ ಹಾಕೋಣ. ಮೊದಲು ನಿನ್ನ ಫೆಲೋಶಿಪ್ ಆದೇಶ ಕೈಗೆ ಬರ್ಲಿ, ಅಲ್ಲೀವರೆಗೂ ಸುಮ್ನಿರು" ಅಂದರು. ಸುಮ್ಮನಿರುವುದು ಹೇಗೆ? ಎರಡು ದಿನದಿಂದ ಕೋಣೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದೇನೆ. ಕೆಳಗಿನ ಕೋಣೆಯವರು ಬಂದು ಬೈದು ಹೋದರು.

ನೀವು ಬರೆದ ಪತ್ರಗಳನ್ನೆಲ್ಲ ಹರಡಿಕೊಂಡು ಓದಿದೆ. ಎಲ್ಲಾದರೂ ಒಂದು ಮಾತು ಸಿಕ್ಕೀತು, ತೆಗೆದುಕೊಂಡು ಹೋಗಿ ವಿಚಾರಣೆಯವರ ಮುಂದೆ ಇಟ್ಟೇನು ಎಂದು. ಏನೂ ಇಲ್ಲ ಅತ್ತಿಗೆ! ಊಟ ಮಾಡು, ಚಹಾಕ್ಕೆ ಮೂರು ಚಮಚ ಸಕ್ಕರೆ. ಕೆಲಸದವರು ಬಂದಿಲ್ಲ, ಇರಲಿ ಬಿಡು. ಬಾಡಿಗೆ ಹೇಗಿದೆ, ಸುಮ್ಮನೆ ಕೇಳಿದೆ. ಈಗ ಎಲ್ಲ ಅರ್ಥವಾಗುತ್ತಿದೆ, ಆದರೆ ಅರ್ಥವಾದದ್ದು ಸಾಕ್ಷಿಯಲ್ಲವಲ್ಲ. ಯಾಕೆ ಹೇಳಲಿಲ್ಲ ನನಗೆ? ಅಷ್ಟೂ ನಂಬಿಕೆ ಇರಲಿಲ್ಲವೇ? ನನಗೆ ನಿಮ್ಮ ಮೇಲೆ ಸಿಟ್ಟೂ ಬಂದಿದೆ, ಹೇಳಿಬಿಡುತ್ತೇನೆ.

ಒಂದು ದಾರಿ ಹೊಳೆದಿದೆ. ಮಾರ್ಚ್ 2ರ ನಿಮ್ಮ ಪತ್ರದ ಲಕೋಟೆ ನನ್ನ ಹತ್ತಿರ ಇದೆ. ಅಂಚೆ ಮುದ್ರೆಯ ತಾರೀಖು ಸ್ಪಷ್ಟವಾಗಿ ಮೂಡಿದೆ. ಒಳಗಿನ ಹಾಳೆ ಮಾತ್ರ ಬದಲಾಯಿಸಿದರೆ ಸಾಕು. ಯಾರು ಒತ್ತಡ ತಂದರು, ಏನು ಹೇಳಿದರು, ಎಲ್ಲ ಬರೆದು ಮೇಲೆ ಮಾರ್ಚ್ 2 ಎಂದು ಹಾಕಿ ಕಳಿಸಿ. ಅದನ್ನು ಈ ಲಕೋಟೆಗೆ ಹಾಕಿ ನಾನೇ ಬಂದು ಕೊಡುತ್ತೇನೆ. ಇದರಲ್ಲಿ ಸುಳ್ಳೇನಿದೆ? ನಡೆದದ್ದನ್ನೇ ಬರೆಯುವುದು. ತಾರೀಖು ಒಂದು ಮಾತ್ರ ಹಿಂದಿನದು.

ದಯವಿಟ್ಟು ಬೇಗ ಬರೆಯಿರಿ.

ತರಲೆ


ಜೂನ್ 21

ತರಲೆ,

ಮೇಲಿನ ತಾರೀಖು ನೋಡಿದೆಯಾ? ಇವತ್ತಿನದೇ. ಇನ್ನೊಂದು ಸಲ ನೋಡಿಕೊಂಡು ಮುಂದೆ ಓದು.

ನಿನ್ನ ಪತ್ರ ಬಂದಾಗ ಆಸೆಯಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಾಗದ ತೆಗೆದು, ಮಾರ್ಚ್ ಎಂದು ಬರೆದೂ ಬರೆದೆ. ಆಮೇಲೆ ಪೆನ್ನು ಕೆಳಗಿಟ್ಟೆ. ಒಳಗಿನದನ್ನು ತೆಗೆದು ಬೇರೆ ಹಾಕಿ, ಹೊರಗಿನ ಮುದ್ರೆಯನ್ನು ಹಾಗೇ ಉಳಿಸುವುದು ಎಂದರೇನು ಹೇಳು? ಮತಪೆಟ್ಟಿಗೆಗೆ ಹಾಗೆ ಮಾಡುವವರನ್ನು ಹಿಡಿಯುವುದಕ್ಕೇ ನನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದು. ಕೆಲಸ ಹೋದರೆ ಹೋಗಲಿ, ಆ ಕೆಲಸ ಮಾಡಿದ್ದೇ ಸುಳ್ಳಾಗುವುದು ಬೇಡ. ನೀನು ಇನ್ನೊಂದು ಸಲ ಈ ಮಾತು ಎತ್ತಿದರೆ ನಿಜಕ್ಕೂ "ತಾವು" ಎನ್ನುತ್ತೇನೆ.

ಆದರೆ ನಿನಗೆ ಹೇಳಬೇಕಾದದ್ದನ್ನು ಇವತ್ತು ಹೇಳುತ್ತೇನೆ.

ಕಚೇರಿಗೆ ಬಂದ ಪ್ರತಿಯೊಂದು ಕರೆಯನ್ನೂ ಚುನಾವಣೆ ಕಾಲದಲ್ಲಿ ಬರೆದಿಡುತ್ತಾರೆ. ಹಾಗಾಗಿ ರಾಜ್ಯದ ಕಾರ್ಯದರ್ಶಿಗಳು ನಿನ್ನಣ್ಣನ ಅಂಗಡಿಗೆ ಫೋನ್ ಮಾಡುತ್ತಿದ್ದರು. ಮೊದಮೊದಲು ಬಲು ನಯ. "ನಿಮ್ಮ ಮನೆಯವರಿಗೆ ಸ್ವಲ್ಪ ತಿಳಿಸಿ ಹೇಳಿ. ಶಾಲೆ ರಿಪೇರೀಲಿದೆ, ಮತಗಟ್ಟೇನ ರೈಲ್ವೆ ಯಾರ್ಡಿನ ಆಚೆ ಇರೋ ಉಗ್ರಾಣಕ್ಕೆ ಹಾಕ್ಲಿ." ಅಂದರೆ ಪಾಳಿ ಮುಗಿಸಿದ ಆ ಹೆಂಗಸರು ಗೂಡ್ಸ್ ಗಾಡಿಗಳನ್ನು ಸುತ್ತುಹಾಕಿ ಅಷ್ಟು ದೂರ ಹೋಗಬೇಕು. ಅರ್ಧ ಜನ ಹೋಗುವುದಿಲ್ಲ ಎಂದು ಅವರಿಗೆ ಗೊತ್ತು. ಆಮೇಲಾಮೇಲೆ ದನಿ ಬದಲಾಯಿತು. "ಮಂಡಳಿ ನಿಮ್ಮನ್ನ ಎಷ್ಟು ದಿನ ಇಟ್ಕೊಳುತ್ತೆ? ಕೊನೆಗೆ ಬರಬೇಕಾದ್ದು ನಮ್ಮ ಹತ್ರಾನೇ." ನಿನ್ನಣ್ಣ ಇದನ್ನೆಲ್ಲ ಕೇಳಿಸಿಕೊಂಡು, ನನಗೆ ಅರ್ಧ ಹೇಳಿ ಅರ್ಧ ನುಂಗಿಕೊಂಡು, ವ್ಯಾಪಾರ ಜೋರು ಎನ್ನುತ್ತಿದ್ದರು. ಪಾಪದ ಮನುಷ್ಯ.

ನಾನು ಮಂಡಳಿಗೆ ಬರೆಯಬಹುದಿತ್ತು. ಬರೆದಿದ್ದರೆ ಅದು ತಕರಾರು ಎನಿಸಿಕೊಳ್ಳುತ್ತಿತ್ತು. ತಕರಾರು ಬಂದ ಜಿಲ್ಲೆಯಿಂದ ಅಧಿಕಾರಿಯನ್ನು ಮೊದಲು ಎತ್ತುತ್ತಾರೆ, ತಪ್ಪು ಯಾರದೆಂದು ಆಮೇಲೆ ನೋಡುತ್ತಾರೆ. ನನ್ನ ಜಾಗಕ್ಕೆ ಬಂದವರು ಮಾರನೇ ದಿನವೇ ಮತಗಟ್ಟೆ ಎತ್ತಿಬಿಡುತ್ತಿದ್ದರು. ಅದಕ್ಕೇ ಬಾಯಿ ಮುಚ್ಚಿಕೊಂಡು, ಮತಗಟ್ಟೆ ಬದಲಿಸುವ ಆದೇಶಕ್ಕೆ ಸಹಿ ಹಾಕದೆ ದಿನ ತಳ್ಳಿದೆ. ನಿನಗೂ ಹೇಳಲಿಲ್ಲ. ಹೇಳಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ಮಂಡಳಿಯ ನೆಲಮಾಳಿಗೆಯಿಂದ ಮೇಲೆ ಓಡಿಹೋಗಿ ಕೂಗಾಡುತ್ತಿದ್ದೆ. ನಂಬಿಕೆ ಇಲ್ಲದೆ ಅಲ್ಲ ಕಣೇ, ನಿನ್ನ ಸ್ವಭಾವ ಚೆನ್ನಾಗಿ ಗೊತ್ತಿದ್ದುದರಿಂದ.

ಸಾರುವೆ ಬಿಚ್ಚಿಸಿ ಎಂದು ಲೋಕೋಪಯೋಗಿಯವರನ್ನು ಎಷ್ಟು ಬೇಡಿಕೊಂಡೆನೋ. ಅದೂ ಬಾಯಿಮಾತಲ್ಲೇ. ಬಿಚ್ಚಲಿಲ್ಲ. ಹಿಂದಿನ ಸಂಜೆ ನಾನೇ ನಿಂತು ಹಗ್ಗ ಎಳೆದು ನೋಡಿದೆ, ಬಾಗಿಲ ಕಡೆಯದೆಲ್ಲ ಬಿಗಿಯಾಗಿತ್ತು. ಹಿಂಭಾಗ ನೋಡಲಿಲ್ಲ. ಆ ಶಿಕ್ಷಕಿ ನೀರು ಕುಡಿಯಲು ಹಿಂದಕ್ಕೆ ಹೋಗಿದ್ದರು. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಕೂತು ಬರುತ್ತೇನೆ. ಅವರು ಬೈಯುವುದೂ ಇಲ್ಲ. ಅದೊಂದು ನನ್ನ ಎದೆ ಮೇಲಿದೆ, ಇರುತ್ತದೆ.

ಅಂಗಡಿಯ ಫೋನಿನ ವಿಷಯ ವಿಚಾರಣೆಯಲ್ಲಿ ನಾನು ಎತ್ತಿಲ್ಲ, ಎತ್ತುವುದೂ ಇಲ್ಲ. ನಿನ್ನಣ್ಣನನ್ನು ಅಲ್ಲಿ ತಂದು ನಿಲ್ಲಿಸಿದರೆ, ಗಂಡ ಹೆಂಡತಿ ಪರ ಹೇಳದೆ ಇನ್ನೇನು ಎಂದು ನಗುತ್ತಾರೆ. ನೀನೂ ಬರಬೇಡ. ನಾದಿನಿಯ ಮಾತಿಗೂ ಅಷ್ಟೇ ಬೆಲೆ.

ಆ ಹೆಂಗಸರು ಮತ ಹಾಕಿದರು. ಅದನ್ನು ಯಾರೂ ವಾಪಸು ತೆಗೆಯಲಾಗದು.

ನಿನ್ನ ಅತ್ತಿಗೆ


ಜುಲೈ 6

ಅತ್ತಿಗೆ,

ಪತ್ರ ಓದಿ ಅತ್ತುಬಿಟ್ಟೆ. ಹಿಂದಿನ ತಾರೀಖು ಹಾಕಿ ಎಂದು ನಿಮಗೆ ಹೇಳಿದೆನಲ್ಲ, ನನ್ನ ನಾಲಿಗೆಗೇನಾಗಿತ್ತು? ಆ ಲಕೋಟೆಯನ್ನು ಹರಿದು ಹಾಕಿದ್ದೇನೆ. ನಿಮ್ಮ ಕಾಗದ ಹಾಗೇ ಇದೆ.

ಅತ್ತು ಮುಗಿದ ಮೇಲೆ ನನ್ನ ಕೋಷ್ಟಕ ತೆಗೆದು ಕೂತೆ. ಒಂದು ಜಿಲ್ಲೆಯಿಂದ ತೀರ್ಮಾನ ಬದಲಾಗಲ್ಲ ಅಂದರಲ್ಲ ಪ್ರೊಫೆಸರ್? ಆದರೆ ಸೊನ್ನೆ ಹಾಕಿದ ಜಿಲ್ಲೆ ನಿಮ್ಮದೊಂದೇ ಅಲ್ಲ, ಕೋಷ್ಟಕದ ತುಂಬ ಇವೆ. ಪತ್ರ ಬರಲಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಜಗಳವಿರಲಿಲ್ಲ ಎಂಬುದನ್ನು ನಾನೇ ಸೇರಿಸಿದೆ. ಗೊತ್ತಿಲ್ಲದ ಕಡೆ ಖಾಲಿ ಬಿಡಬೇಕು, ಇದು ಮೊದಲ ವರ್ಷದಲ್ಲೇ ಕಲಿಸುವ ಪಾಠ. ನಾನು ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿದೆ. ನೋಡಲು ಚೆಂದ ಕಾಣುತ್ತಿತ್ತು. ನೀವು ಪತ್ರ ಬರೆಯದೆ ಇದ್ದಾಗಲೂ ಅದನ್ನೇ ಮಾಡಿದೆ, ಸುಸ್ತಾಗಿ ಮಲಗಿದ್ದೀರಿ ಎಂದುಕೊಂಡೆ.

ಎಲ್ಲ ಸೊನ್ನೆಗಳನ್ನೂ ಅಳಿಸಿ ಖಾಲಿ ಮಾಡಿದೆ. ಆಮೇಲೆ ನೋಡಿದರೆ ಲೇಖನದಲ್ಲಿ ಲೇಖನವೇ ಉಳಿದಿರಲಿಲ್ಲ. ತೀರ್ಮಾನವನ್ನು ಹಿಂತೆಗೆದುಕೊಂಡು ಒಂದು ಪುಟದ ತಿದ್ದುಪಡಿ ಬರೆದೆ. ಪತ್ರವಿಲ್ಲದಿರುವುದನ್ನು ಒಪ್ಪಿಗೆ ಎಂದು ಓದುವಂತಿಲ್ಲ, ಬಾಯಿಮಾತಿನ ಅಪ್ಪಣೆಗಳು ಈ ಎಣಿಕೆಗೆ ಸಿಗುವುದೇ ಇಲ್ಲ, ಅಂಥ ಅಪ್ಪಣೆಗಳು ಹೋಗುವ ದಾರಿಗಳ ಬಗ್ಗೆ ಬೇರೆಯೇ ಅಧ್ಯಯನ ಆಗಬೇಕು ಎಂದು. ಆ ಜಿಲ್ಲೆಯ ಅಧಿಕಾರಿ ನನ್ನ ಅಣ್ಣನ ಹೆಂಡತಿ, ಅದನ್ನು ಮೊದಲೇ ಹೇಳಬೇಕಿತ್ತು ಎಂದೂ ಬರೆದೆ. ನಿಮ್ಮ ಪತ್ರದ ಮಾತು ಒಂದನ್ನೂ ಸೇರಿಸಲಿಲ್ಲ. ಸಂಪಾದಕರಿಗೆ, ಮಂಡಳಿಗೆ, ನಿಮ್ಮ ರಾಜ್ಯದ ಕಾರ್ಯದರ್ಶಿಗಳಿಗೆ, ವಿಚಾರಣಾಧಿಕಾರಿಗಳಿಗೆ ಒಂದೊಂದು ಪ್ರತಿ ಕಳಿಸಿದೆ. ತಾರೀಖು ಹಾಕಿ.

ಪ್ರೊಫೆಸರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಫೆಲೋಶಿಪ್ ಮುಂದುವರಿಯುವುದಿಲ್ಲವೆಂದು ನಿನ್ನೆ ಆದೇಶ ಬಂತು. ಈ ತಿಂಗಳ ಕೊನೆಗೆ ಹಾಸ್ಟೆಲು ಬಿಡಬೇಕು. ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತೇನೆ, ಮತ್ತೆ ತೆಗೆಯುತ್ತೇನೆ. ಎಲ್ಲಿಗೆ ವಿಳಾಸ ಬರೆಯಬೇಕೋ ಗೊತ್ತಾಗುತ್ತಿಲ್ಲ. ನೀವು ಬಾ ಎಂದರೆ ಬರುತ್ತೇನೆ. ಅನ್ನದಿದ್ದರೆ, ಈ ಸಲ ಸುಮ್ಮನಿದ್ದೀರಿ ಎಂದರೆ ಸಿಟ್ಟು ಹೋಗಿದೆ ಎಂದು ನಾನಾಗಿ ತಿಳಿದುಕೊಳ್ಳುವುದಿಲ್ಲ.

ತರಲೆ


ಜುಲೈ 23

ತರಲೆ,

ಕೂತುಕೊಂಡು ಓದು. ನಿಂತಿದ್ದರೆ ಬೀಳುತ್ತೀಯ.

ನಿನ್ನ ತಿದ್ದುಪಡಿ ಕಾರ್ಯದರ್ಶಿಗಳ ಮೇಜಿಗೆ ಹೋಯಿತಲ್ಲ, ಬಾಯಿಮಾತಿನ ಅಪ್ಪಣೆಗಳ ದಾರಿಗಳು ಎಂಬ ನಿನ್ನ ಮಾತು ಅವರಿಗೆ ಎಲ್ಲಿ ಚುಚ್ಚಿತೋ ಏನೋ. ಯಾರೂ ಕೇಳದಿದ್ದರೂ ವಿಚಾರಣಾಧಿಕಾರಿಗಳಿಗೆ ಪತ್ರ ಬರೆದಿದ್ದಾರೆ, ಮಂಡಳಿಗೂ ಒಂದು ಪ್ರತಿ. ನಿನ್ನೆ ವಿಚಾರಣೆಯಲ್ಲಿ ಅದನ್ನು ಓದಿದರು. "ಸದರಿ ಅಧಿಕಾರಿಯ ಪತಿಯ ಕನ್ನಡಕದ ಅಂಗಡಿಯ ದೂರವಾಣಿಗೆ ನಾನು ಯಾವತ್ತೂ ಕರೆ ಮಾಡಿರುವುದಿಲ್ಲ."

ವಿಚಾರಣಾಧಿಕಾರಿಗಳು ಓದುತ್ತಾ ಓದುತ್ತಾ ನಿಂತರು. ಹಿಂದಿನ ಕಾಗದಗಳನ್ನೆಲ್ಲ ತಿರುವಿಹಾಕಿದರು. ಆಮೇಲೆ ನನ್ನ ಕಡೆ ನೋಡಿ, "ಅಂಗಡಿ ಫೋನಿನ ವಿಷಯ ಇಲ್ಲಿ ಯಾರಮ್ಮ ಹೇಳಿದ್ದು?" ಅಂದರು.

"ಯಾರೂ ಹೇಳಿಲ್ಲ ಸಾರ್" ಅಂದೆ.

"ನೀವು?"

"ನಾನೂ ಹೇಳಿಲ್ಲ."

ಅವರು ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅಂಗಡಿಗೆ ಬಂದ ಕರೆಗಳ ವಿವರ ಕೊಡಿ ಎಂದು ದೂರವಾಣಿಯವರಿಗೆ ಬರೆಯಲು ಹೇಳಿದರು. ಬಾಯಿಮಾತಲ್ಲಿ ಅಲ್ಲ, ಪತ್ರದಲ್ಲಿ. ಹಾಗೆಂದು ನೀನು ಕುಣಿಯಬೇಡ. ಅಮಾನತು ಇನ್ನೂ ಹೋಗಿಲ್ಲ. ಆ ಶಿಕ್ಷಕಿ ಇನ್ನೂ ಕೈ ಎತ್ತಿ ಬೋರ್ಡಿನ ಮೇಲೆ ಬರೆಯಲಾರರು. ಏನಾಗುತ್ತದೋ ನೋಡೋಣ. ಆದರೂ ನಿನ್ನೆ ರಾತ್ರಿ ನಿನ್ನಣ್ಣ ಮತ್ತು ನಾನು ಎಷ್ಟೋ ತಿಂಗಳ ಮೇಲೆ ನಕ್ಕೆವು. "ಅಂತೂ ನನ್ನ ಅಂಗಡಿಗೆ ಸರ್ಕಾರಿ ಜಾಹೀರಾತು ಸಿಕ್ತು" ಅಂದರು.

ನಮ್ಮ ಜಿಲ್ಲೆಯ ಬಗ್ಗೆ ಒಂದು ಪತ್ರ ಹೋದ ಹಾಗಾಯಿತು. ನಿನ್ನ ಕೋಷ್ಟಕದಲ್ಲಿ ಒಂದು ಎಂದು ಹಾಕಿಕೋ.

ನೀನು ನಿನ್ನ ಫೆಲೋಶಿಪ್ ಕಳೆದುಕೊಂಡದ್ದಕ್ಕೆ ನನಗೆ ತುಂಬ ಬೇಸರವಾಗಿದೆ. ಅದನ್ನು ಹೇಗೆ ಹೇಳುವುದೋ ತಿಳಿಯದೆ ಇಷ್ಟು ದಿನ ತಡಮಾಡಿದೆ. ಸಿಟ್ಟಿನಿಂದ ಅಲ್ಲ.

ಡಬ್ಬಗಳ ಮೇಲೆ ಈ ಮನೆಯ ವಿಳಾಸ ಬರಿ. ಮುಂದೇನು ಎಂದು ಇಬ್ಬರೂ ಕೂತು ಯೋಚಿಸೋಣ, ಇಬ್ಬರಿಗೂ ಈಗ ಬೇಕಾದಷ್ಟು ಪುರಸೊತ್ತಿದೆ. ಸಕ್ಕರೆ ಡಬ್ಬಿ ತೊಳೆದು ಒರೆಸಿ ಇಟ್ಟಿದ್ದೇನೆ. ಹೊಸ ಚೀಟಿಯನ್ನೂ ಅಂಟಿಸಿದ್ದೇನೆ. ನೀನು ಬಂದ ದಿನ ತುಂಬಿಸೋಣವೆಂದು ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಖಾಲಿ ಕಣೇ, ಸೊನ್ನೆ ಅಲ್ಲ.

ನಿನ್ನ ಅತ್ತಿಗೆ